ಮನೆ ಮುಂದೆ ಟ್ರ್ಯಾಕ್ಟರ್ ಇಲ್ಲ, ತಲೆ ಮೇಲೆ ಕಂತೂ ಇಲ್ಲ

ಮೊನ್ನೆ ಮೊನ್ನೆವರೆಗೂ ನಮ್ಮ ಮನೆ ಮುಂದೆ 45 ಎಚ್‌ಪಿ ಟ್ರ್ಯಾಕ್ಟರ್ ಒಂದು ನಿಂತಿರ್ತಿತ್ತು. ಈಗ ಇಲ್ಲ, ಮಾರಿಬಿಟ್ಟೆ. "ಪಾಪ, ಕಂತು ಕಟ್ಟೋಕೆ ಆಗ್ಲಿಲ್ವಂತೆ" ಅಂತ ಊರಲ್ಲಿ ಮಾತಾಡಿಕೊಂಡರು. ಅದು ನಿಜಾನೇ. ಆದರೆ ಮಾರಿದ ಮೇಲೆ ಕೂತು ಲೆಕ್ಕ ಬರೆದಾಗ ನನಗೊಂದು ವಿಷಯ ಗಟ್ಟಿಯಾಯ್ತು. ನಮ್ಮಂಥ ಸಣ್ಣ ಹಿಡುವಳಿಯವರು ಸ್ವಂತಕ್ಕೆ ಅಂತ ಇಟ್ಟುಕೊಳ್ಳೋ ವಸ್ತು ಕಡಿಮೆ ಇದ್ದಷ್ಟೂ ಬೇಸಾಯ ಬಾಳಿಕೆ ಬರುತ್ತೆ. ಈ ವಾರ ಅದನ್ನೇ ಹೇಳ್ತೀನಿ. ಅಂಕಿ ಎಲ್ಲ ನನ್ನ ಮನೇದು. ನಿಮ್ಮ ಅಂಕಿ ಹಾಕಿ ನೀವೂ ನೋಡಿಕೊಳ್ಳಿ.

ತಂದಿದ್ದು ಹೇಗೆ?

ನಮ್ಮದು ತಿಪಟೂರು ಕಡೆ. ಎರಡು ಎಕರೆ ತೆಂಗು, ಎರಡೂವರೆ ಎಕರೆ ರಾಗಿ ಹೊಲ. ಮೊದಲು ಒಂದು ಜೊತೆ ಎತ್ತಿದ್ದವು, ದೊಡ್ಡ ಕೆಲಸಕ್ಕೆ ಬಾಡಿಗೆ ಟ್ರ್ಯಾಕ್ಟರ್ ಕರೀತಿದ್ವಿ. ಜೊತೆಯ ಹುಡುಗರು ಒಬ್ಬೊಬ್ಬರಾಗಿ ಸ್ವಂತ ಗಾಡಿ ತಂದು ರೀಲ್ಸ್ ಹಾಕೋಕೆ ಶುರು ಮಾಡಿದರು. ನನಗೂ ಆಸೆ ಆಯ್ತು.

ಅಪ್ಪ ಕೇಳಿದರು: "ಲೇ, ನಾಲ್ಕೂವರೆ ಎಕರೆಗೆ ಅದ್ಯಾಕ್ಲಾ? ಬಾಡಿಗೆಗೆ ಕರೆದ್ರೆ ಬರಲ್ವಾ?"

"ನೀನು ಸುಮ್ನಿರಪ್ಪ, ಕಾಲ ಬದಲಾಗಿದೆ" ಅಂದೆ.

ರೊಟಾವೇಟರ್ ಸೇರಿ 8 ಲಕ್ಷ ಆಯ್ತು. ಆರೂವರೆ ಲಕ್ಷ ಸಾಲ. ಉಳಿದ ಒಂದೂವರೆ ಲಕ್ಷಕ್ಕೆ ಎತ್ತು ಮಾರಿದ್ವಿ, ಅವ್ವನ ಎರಡೆಳೆ ಸರ ಗಿರವಿ ಇಟ್ವಿ. ಅವ್ವ ಒಂದು ಮಾತೂ ಆಡದೆ ಬಿಚ್ಚಿಕೊಟ್ಟಳು. ಆ ವರ್ಷ ಅಕ್ಕನ ಮಗುವಿನ ನಾಮಕರಣಕ್ಕೆ ಬರೀ ಕರಿಮಣಿಯಲ್ಲಿ ಹೋಗಿ ಬಂದಳು. ಆಗ ನನಗೆ ಅದು ಕಾಣಿಸಲೇ ಇಲ್ಲ.

ವರ್ಷದ ಲೆಕ್ಕ

ಆರು ತಿಂಗಳಿಗೊಂದು ಕಂತು, ಒಂದಕ್ಕೆ ಸುಮಾರು 92,500. ವರ್ಷಕ್ಕೆ 1,85,000. ಇನ್ಶೂರೆನ್ಸ್, ಸರ್ವಿಸ್ ಸೇರಿ 22,000. ನಮ್ಮ ಹೊಲದ ಕೆಲಸಕ್ಕೆ ಡೀಸೆಲ್ 25,000. ಒಟ್ಟು 2,32,000. ಹೊರಗಡೆ ಬಾಡಿಗೆಗೆ ಓಡಿಸಿ ಡೀಸೆಲ್ ಖರ್ಚು ಕಳೆದು ಉಳಿದದ್ದು 65,000. ಅದರಲ್ಲೂ 20,000 ಇನ್ನೂ ಬಾಕಿ. ನೆಂಟರಿಗೆ, ಅಕ್ಕಪಕ್ಕದವರಿಗೆ ಉತ್ತಿ ಕೊಟ್ಟು ದುಡ್ಡು ಕೇಳೋದು ಎಷ್ಟು ಕಷ್ಟ ಅಂತ ಗಾಡಿ ಇಟ್ಟವರಿಗೇ ಗೊತ್ತು.

ಬಾಕಿಯೆಲ್ಲ ಬಂತು ಅಂತಲೇ ಇಟ್ಟುಕೊಳ್ಳಿ. ಆದರೂ ಕೈಯಿಂದ ಹೋದದ್ದು 1,67,000. ಇಷ್ಟಕ್ಕೂ ನಮ್ಮ ಸ್ವಂತ ಹೊಲಕ್ಕೆ ಅದು ಓಡಿದ್ದು ವರ್ಷಕ್ಕೆ 60 ಗಂಟೆ. ಅಷ್ಟೇ ಕೆಲಸಕ್ಕೆ ಗಂಟೆಗೆ ಸಾವಿರದಂತೆ ಬಾಡಿಗೆ ಕೊಟ್ಟಿದ್ದರೆ 60,000ದಲ್ಲಿ ಮುಗೀತಿತ್ತು.

"ಐದು ವರ್ಷ ಆದ್ಮೇಲೆ ಗಾಡಿ ನಿಮ್ಮದೇ ಅಲ್ವಾ?" ಅಂತ ಕೇಳಬಹುದು. ಹೌದು, ಒಪ್ತೀನಿ. ಆದರೆ ಆ ಐದು ವರ್ಷವೂ ಮಳೆ ಸರಿಯಾಗಿ ಬರಬೇಕು, ಕೊಬ್ಬರಿ ರೇಟು ನಿಲ್ಲಬೇಕು, ಮನೆಯಲ್ಲಿ ಯಾರೂ ಕಾಯಿಲೆ ಬೀಳಬಾರದು. ಕೊಬ್ಬರಿ ಆಗೋಕೆ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇರಬೇಕು. ಕಂತು ಅಷ್ಟು ದಿನ ಕಾಯಲ್ಲ. ಎರಡು ಸಲ ಹಸಿ ಕಾಯಿಯನ್ನೇ ಮಾರಿ ಕಂತು ಕಟ್ಟಿದೆ. ನಾಲ್ಕು ಕಂತು ಕಟ್ಟಿ ಕೈಚೆಲ್ಲಿದೆ. ಮಾರಿದಾಗ 4,75,000 ಬಂತು, ಸಾಲ ತೀರಿಸಿ ಉಳಿದದ್ದು 30 ಸಾವಿರ ಚಿಲ್ಲರೆ.

ಲೆಕ್ಕಕ್ಕೆ ಸಿಗದ ನಷ್ಟ

ಎತ್ತು ಹೋದ ವರ್ಷವೇ ತಿಪ್ಪೆ ಖಾಲಿ ಆಯ್ತು. ಮನೆಯಲ್ಲೇ ಇದ್ದ ಗೊಬ್ಬರವನ್ನ ಲೋಡ್ ಲೆಕ್ಕದಲ್ಲಿ ಕೊಂಡು ತರಬೇಕಾಯ್ತು. ಗಾಡಿ ನಿಲ್ಲಿಸೋಕೆ ಶೆಡ್ ಬೇಕಾಯ್ತು, ಆಮೇಲೆ ಟ್ರೈಲರ್ ಬೇಕು ಅನ್ನಿಸ್ತು. ದೊಡ್ಡ ವಸ್ತು ಒಂದು ಬಂದರೆ ಅದರ ಹಿಂದೆ ನಾಲ್ಕು ಖರ್ಚು ಬರುತ್ತೆ.

ಇನ್ನೊಂದು ತಪ್ಪು ಹೇಳಲೇಬೇಕು. ಗಾಡಿ ಇದೆಯಲ್ಲ ಅಂತ ತೆಂಗಿನ ತೋಟಕ್ಕೆ ಬೇಕೋ ಬೇಡವೋ ರೊಟಾವೇಟರ್ ಹೊಡೆದೆ. ತೆಂಗಿನ ಬೇರು ಹೆಚ್ಚಾಗಿ ಮೇಲ್ಮಣ್ಣಲ್ಲೇ ಹರಡಿರುತ್ತೆ. ಮತ್ತೆ ಮತ್ತೆ ಹೊಡೆದರೆ ಅವು ಕತ್ತರಿಸಿ ಹೋಗ್ತವೆ. ಮಣ್ಣು ಮೇಲೆ ಹಿಟ್ಟಾಗುತ್ತೆ, ಕೆಳಗೆ ಗಟ್ಟಿ ಪದರ ಕಟ್ಟುತ್ತೆ. ಈಗ ಗರಿ, ಮಟ್ಟೆ, ಕಾಯಿ ಸಿಪ್ಪೆ ಎಲ್ಲವನ್ನೂ ಬುಡಕ್ಕೇ ಮುಚ್ಚಿಗೆ ಹಾಕ್ತೀವಿ, ಮಧ್ಯದಲ್ಲಿ ಹುರುಳಿ ಚೆಲ್ತೀವಿ. ಬೇಸಿಗೆಯಲ್ಲಿ ಮುಚ್ಚಿಗೆ ಸರಿಸಿ ನೋಡಿದರೆ ಮಣ್ಣು ತಣ್ಣಗಿರುತ್ತೆ. ಇದಕ್ಕೆ ಯಾವ ಕಂತೂ ಇಲ್ಲ.

ಈಗ ಹೇಗೆ ನಡೀತಿದೆ?

ಸ್ವಂತಕ್ಕೆ ಇರೋದು ಇಷ್ಟೇ: ಒಳ್ಳೆ ಗುದ್ದಲಿ, ಹಾರೆ, ಮಚ್ಚು, ಕುಡುಗೋಲು, ಕೈಯಲ್ಲಿ ತಳ್ಳೋ ಸೈಕಲ್ ಕುಂಟೆ, ಒಂದು ಸ್ಪ್ರೇಯರ್. ಒಂದು ನಾಟಿ ಹಸು ಕಟ್ಟಿದ್ದೀವಿ, ತಿಪ್ಪೆ ಮತ್ತೆ ತುಂಬ್ತಿದೆ. ಕಳೆ ಹೊಡೆಯೋ ಮಷಿನ್ ಮಾತ್ರ ನಾಲ್ಕು ಮನೆ ಸೇರಿ ತಂದಿದ್ದೀವಿ. ಪೆಟ್ರೋಲ್ ಬಳಸಿದವರದು, ರಿಪೇರಿ ನಾಲ್ಕು ಪಾಲು, ಬ್ಲೇಡ್ ಮುರಿದರೆ ಮುರಿದವರೇ ತರಬೇಕು. ಯಾರ ಮನೇಲಿದೆ ಅಂತ ವಾಟ್ಸಾಪ್ ಗ್ರೂಪಲ್ಲಿ ಹಾಕ್ತೀವಿ. ನಮ್ಮ ತಾತನ ಕಾಲದ ಮುಯ್ಯಾಳು ಪದ್ಧತಿಯೂ ಇದೇ ಅಲ್ವಾ? ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು.

ರಾಗಿಯಲ್ಲಿ ಅಕ್ಕಡಿ ಸಾಲು ಮತ್ತೆ ಶುರು ಮಾಡಿದ್ವಿ. ಅವರೆ, ತೊಗರಿ, ಹುಚ್ಚೆಳ್ಳು ಮನೆ ಮಟ್ಟಿಗೆ ಸಿಗುತ್ತೆ. ರಾಗಿ ಬಿತ್ತನೆ ಬೀಜ ಒಳ್ಳೆ ತೆನೆ ಆರಿಸಿ ನಾವೇ ಇಟ್ಟುಕೊಳ್ತೀವಿ. ಕೆಲವು ವರ್ಷಕ್ಕೊಮ್ಮೆ ಮಾತ್ರ ಹೊಸ ಬೀಜ ತಂದರೆ ಸಾಕು. ದೊಡ್ಡಬಳ್ಳಾಪುರದ ಎಲ್. ನಾರಾಯಣ ರೆಡ್ಡಿಯವರು 2019ರಲ್ಲಿ ತೀರಿಕೊಳ್ಳೋವರೆಗೂ ರೈತರಿಗೆ ಹೇಳ್ತಿದ್ದದ್ದು ಇದನ್ನೇ: ಹೊರಗಿಂದ ಕೊಂಡು ತರೋದನ್ನ ಕಡಿಮೆ ಮಾಡಿ ಅಂತ.

ಬಾಡಿಗೆಯಲ್ಲೂ ತೊಂದರೆ ಇದೆ, ಮುಚ್ಚಿಡಲ್ಲ. ಮಳೆ ಬಿದ್ದು ಹದ ಬಂತು ಅಂದರೆ ಎಲ್ಲರಿಗೂ ಅದೇ ದಿನ ಗಾಡಿ ಬೇಕು. ಮೊದಲ ವರ್ಷ ಎರಡು ದಿನ ಕಾದು ಹದ ಕಳ್ಕೊಂಡೆ. ಈಗ ನಾಲ್ಕು ಮನೆಯವರು ಸೇರಿ ಒಬ್ಬರೇ ಡ್ರೈವರಿಗೆ ಮುಂಚೆಯೇ ಹೇಳಿರ್ತೀವಿ. ಒಂದೇ ಸಲಕ್ಕೆ ಹತ್ತು ಹದಿನೈದು ಎಕರೆ ಕೆಲಸ ಸಿಗುತ್ತೆ ಅಂತ ಅವನೂ ನಮ್ಮ ಕಡೆಗೇ ಮೊದಲು ಬರ್ತಾನೆ. ದುಡ್ಡು ಅದೇ ಸಂಜೆ ಫೋನಲ್ಲೇ ಹಾಕಿಬಿಡ್ತೀವಿ. ಬಾಕಿ ಇಡದವರ ಹೊಲಕ್ಕೆ ಗಾಡಿ ಬೇಗ ಬರುತ್ತೆ, ಇದು ನನ್ನ ಅನುಭವ. ರಾಜ್ಯ ಸರ್ಕಾರ 2014-15ರಲ್ಲಿ ಶುರು ಮಾಡಿದ ಕೃಷಿ ಯಂತ್ರಧಾರೆ ಕೇಂದ್ರಗಳು ಹೋಬಳಿ ಮಟ್ಟದಲ್ಲಿವೆ. ನಿಮ್ಮ ಹೋಬಳಿಯಲ್ಲಿ ಯಾವ ಯಂತ್ರ, ಎಷ್ಟು ಬಾಡಿಗೆ ಅಂತ ಒಮ್ಮೆ ಹೋಗಿ ಕೇಳಿ.

ಕೊಳ್ಳೋ ಮುಂಚೆ

ಟ್ರ್ಯಾಕ್ಟರ್ ಯಾರೂ ತಗೋಬೇಡಿ ಅಂತ ನಾನು ಹೇಳ್ತಿಲ್ಲ. ಹದಿನೈದು ಇಪ್ಪತ್ತು ಎಕರೆ ಇರೋರು, ಬಾಡಿಗೆ ಓಡಿಸೋದನ್ನೇ ಕಸುಬು ಮಾಡಿಕೊಂಡಿರೋರು ತಗೊಳ್ಳಲಿ. ಅವರು ಇದ್ದರೆ ತಾನೇ ನಮಗೂ ಬಾಡಿಗೆಗೆ ಸಿಗೋದು? ಆದರೆ 2015-16ರ ಕೃಷಿ ಗಣತಿ ಪ್ರಕಾರ ನಮ್ಮ ದೇಶದಲ್ಲಿ ಸರಾಸರಿ ಹಿಡುವಳಿ 1.08 ಹೆಕ್ಟೇರ್. ಎರಡೂಮುಕ್ಕಾಲು ಎಕರೆಯೂ ಪೂರ್ತಿ ಇಲ್ಲ. ಯಂತ್ರದ ಖರ್ಚು ಲೆಕ್ಕ ಹಾಕೋ ತಜ್ಞರು ಟ್ರ್ಯಾಕ್ಟರ್ ವರ್ಷಕ್ಕೆ ಸುಮಾರು 1000 ಗಂಟೆ ಓಡುತ್ತೆ ಅಂತ ಇಟ್ಟುಕೊಳ್ತಾರೆ. ನನ್ನದು ಮನೆ ಕೆಲಸ, ಬಾಡಿಗೆ ಎಲ್ಲ ಸೇರಿದರೂ 200 ಮುಟ್ಟಲಿಲ್ಲ.

ಹಾಗಾಗಿ ಟ್ರ್ಯಾಕ್ಟರ್ ಇರಲಿ, ಪವರ್ ಟಿಲ್ಲರ್ ಇರಲಿ, ಹೊಸ ಬೈಕ್ ಇರಲಿ, ಮೊದಲು ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

1. ಇದು ವರ್ಷದಲ್ಲಿ ಎಷ್ಟು ದಿನ, ಎಷ್ಟು ಗಂಟೆ ಬೇಕು? ಒಂದು ವರ್ಷ ಫೋನಲ್ಲೇ ಬರೆದಿಡಿ, ಆಮೇಲೆ ತೀರ್ಮಾನ ಮಾಡಿ.
2. ಅಷ್ಟೇ ಗಂಟೆಗೆ ಬಾಡಿಗೆ ಎಷ್ಟಾಗುತ್ತೆ?
3. ಒಂದು ಬೆಳೆ ಪೂರ್ತಿ ಹೋದರೂ ಕಂತು ಕಟ್ಟೋಕೆ ಆಗುತ್ತಾ?
4. ಇದಕ್ಕಾಗಿ ಮನೆಯಿಂದ ಏನು ಹೊರಗೆ ಹೋಗ್ತಿದೆ? ಎತ್ತಾ, ಒಡವೆನಾ, ಜಮೀನಿನ ಪತ್ರನಾ?

ಆಗ ನಾಲ್ಕನೇ ಪ್ರಶ್ನೆಯನ್ನ ನಾನು ಕೇಳಿಕೊಳ್ಳಲೇ ಇಲ್ಲ. ಅವ್ವನ ಸರ ಬಿಡಿಸಿಕೊಂಡು ಬಂದದ್ದು ಹೋದ ವರ್ಷ, ಕೊಬ್ಬರಿಯನ್ನ ಪೂರ್ತಿ ಅಟ್ಟದಲ್ಲಿ ಇಟ್ಟು, ರೇಟು ನೋಡಿ ಮಾರಿದ ಮೇಲೆ. ಕಾಯೋಕೆ ಆಗಿದ್ದು ಕಂತು ಇರಲಿಲ್ಲವಲ್ಲ, ಅದಕ್ಕೆ. ಸರ ಕೈಗೆ ಕೊಟ್ಟಾಗ ಅವ್ವ ಕೇಳಿದ್ದು ಒಂದೇ ಮಾತು: "ಮತ್ತೇನೂ ತರಲ್ಲ ತಾನೇ?"

ಇಲ್ಲ ಕಣವ್ವ ಅಂದೆ. ನೀವೂ ಈ ಸಲದ ಮುಂಗಾರಿನಿಂದ ಗಂಟೆ ಲೆಕ್ಕ ಬರೆಯೋಕೆ ಶುರು ಮಾಡಿ.