ಮೇಷ್ಟ್ರಿಲ್ಲದ ಕ್ಲಾಸಿಗೆ ಮೊಬೈಲ್ ವಿಡಿಯೊ ಸಾಕೇ?

ನಮ್ಮ ಓಣಿಯ ಹುಡುಗಿಯೊಬ್ಬಳು ತಾಲ್ಲೂಕಿನ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಾಳೆ. ಕಳೆದ ವರ್ಷ ಒಂದು ವಿಷಯಕ್ಕೆ ಪಾಠ ಮಾಡುವವರೇ ಇರಲಿಲ್ಲ. ಅತಿಥಿ ಉಪನ್ಯಾಸಕರು ಬರುವುದು ತಡವಾಗಿತ್ತು. "ಸ್ವಯಂನಾಗ ಚಲೋ ಕೋರ್ಸ್ ಅದಾವ, ಅಲ್ಲೇ ನೋಡ್ಕೊಳ್ರಿ" ಅಂತ ಹೇಳಿ ಕಳಿಸಿದರಂತೆ. ಹುಡುಗಿ ಉತ್ಸಾಹದಿಂದಲೇ ಸೇರಿದಳು. ಐದನೇ ವಾರಕ್ಕೆ ಬಿಟ್ಟಳು.

"ಯಾಕವ್ವ ಬಿಟ್ಟಿ?" ಅಂದೆ.

"ಅಣ್ಣಾ, ವಿಡಿಯೊ ಎಷ್ಟು ಸಲ ಬೇಕಾದ್ರೂ ನೋಡಬಹುದು. ತಿಳೀಲಿಲ್ಲ ಅಂದ್ರ ಯಾರನ್ನ ಕೇಳ್ಲಿ? ಅಲ್ಲಿ ಪ್ರಶ್ನೆ ಹಾಕಬೇಕಂದ್ರ ಇಂಗ್ಲಿಷಿನ್ಯಾಗ ಟೈಪ್ ಮಾಡಬೇಕು."

ಅವಳ ಮಾತು ನನ್ನ ತಲೆಯಲ್ಲೇ ಉಳಿದಿದೆ. ಯಾಕೆಂದರೆ ಮುಂದಿನ ದಿನಗಳಲ್ಲಿ ಡಿಗ್ರಿಯ ದೊಡ್ಡ ಭಾಗ ಹೀಗೇ ಮೊಬೈಲಿಗೆ ಬರಲಿದೆ. ಕೇಂದ್ರ ಸರ್ಕಾರದ ಸ್ವಯಂ 2017ರ ಜುಲೈನಲ್ಲಿ ಶುರುವಾಯಿತು. ಅದಕ್ಕೂ ಮೊದಲೇ, 2016ರಲ್ಲಿ, ಯುಜಿಸಿ ಒಂದು ನಿಯಮ ತಂದಿತ್ತು: ಒಂದು ಸೆಮಿಸ್ಟರಿನ ಶೇ 20ರಷ್ಟು ಕೋರ್ಸುಗಳನ್ನು ವಿದ್ಯಾರ್ಥಿ ಸ್ವಯಂನಲ್ಲಿ ಮುಗಿಸಬಹುದು, ಅದರ ಕ್ರೆಡಿಟ್ ಡಿಗ್ರಿಗೆ ಸೇರುತ್ತದೆ. 2021ರಲ್ಲಿ ಅದು ಶೇ 40ಕ್ಕೆ ಏರಿತು. ಅಂದರೆ ಐದು ವಿಷಯಗಳಿದ್ದರೆ ಎರಡು.

ನಾನು ಆನ್‌ಲೈನ್ ಕೋರ್ಸಿನ ವಿರೋಧಿಯಲ್ಲ. ಡಿಪ್ಲೊಮಾ ಮುಗಿಸಿ ಸ್ಟ್ರಿಂಗರ್ ಆದಮೇಲೆ ನಾನು ಕಲಿತದ್ದರಲ್ಲಿ ಅರ್ಧ ಮೊಬೈಲಿನಿಂದಲೇ. ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ನಡೆಸುವ ಎನ್‌ಪಿಟೆಲ್ ಪಾಠಗಳನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ನಮ್ಮ ಅಪ್ಪನ ಕಾಲದಲ್ಲಿ ಐಐಎಸ್‌ಸಿ ಗೇಟು ನೋಡಿದವರೂ ಊರಲ್ಲಿ ಇರಲಿಲ್ಲ. ಇದು ಸಣ್ಣ ಮಾತಲ್ಲ. ಪುಕ್ಕಟೆ ಇರುವುದು ನೋಡುವುದಕ್ಕೆ ಮಾತ್ರ ಎನ್ನುವುದೂ ನೆನಪಿರಲಿ. ಎನ್‌ಪಿಟೆಲ್ ಸರ್ಟಿಫಿಕೇಟು ಬೇಕಾದರೆ ಸಾವಿರ ರೂಪಾಯಿ ಪರೀಕ್ಷಾ ಶುಲ್ಕ ಕಟ್ಟಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧ. ಪರೀಕ್ಷೆ ಮೊಬೈಲಿನಲ್ಲಿ ಅಲ್ಲ, ನಗರದ ಕೇಂದ್ರಕ್ಕೇ ಹೋಗಿ ಬರೆಯಬೇಕು. ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಬಸ್ ಚಾರ್ಜು ಉಳಿದೀತು. ಹುಡುಗರಿಗೆ ಅದೂ ಇಲ್ಲ.

ನನ್ನ ತಕರಾರು ಬೇರೆ. ಯುಜಿಸಿಯ 2016ರ ನಿಯಮ ತೆಗೆದು ಓದಿದೆ. ಯಾವಾಗ ಸ್ವಯಂ ಕೋರ್ಸಿಗೆ ಅನುಮತಿ ಕೊಡಬಹುದು ಎನ್ನುವ ಕಾರಣಗಳಲ್ಲಿ ಮೊದಲನೆಯದೇ, ಆ ವಿಷಯಕ್ಕೆ ತಕ್ಕ ಬೋಧಕರು ಸಿಗದೇ ಇರುವುದು! ಪಾಠಕ್ಕೆ ಪೂರಕವಾಗಿ ಬಳಸುವ ಮಾತು ಆಮೇಲೆ ಬರುತ್ತದೆ. ದೊಡ್ಡ ವಿಶ್ವವಿದ್ಯಾಲಯದಲ್ಲಿ ಅಪರೂಪದ ವಿಷಯಕ್ಕೆ ಮೇಷ್ಟ್ರು ಸಿಗದಿದ್ದರೆ ಈ ದಾರಿ ಸರಿ. ಆದರೆ ಸಾವಿರಾರು ಅತಿಥಿ ಉಪನ್ಯಾಸಕರ ಮೇಲೆ ನಿಂತಿರುವ ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಅಕೌಂಟೆನ್ಸಿಗೂ ಅರ್ಥಶಾಸ್ತ್ರಕ್ಕೂ ಬೋಧಕರು 'ಸಿಗುವುದಿಲ್ಲ'. ಹುದ್ದೆ ತುಂಬದೆ ಖಾಲಿ ಬಿಟ್ಟರೆ ಯಾರು ತಾನೇ ಸಿಗುತ್ತಾರೆ?

ಈ ಭಯ ನಮ್ಮದಷ್ಟೇ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಹೊಸೆ ಸ್ಟೇಟ್ ಎಂಬ ಸರ್ಕಾರಿ ವಿಶ್ವವಿದ್ಯಾಲಯವಿದೆ. ಹಾರ್ವರ್ಡ್ ಪ್ರಾಧ್ಯಾಪಕ ಮೈಕೆಲ್ ಸ್ಯಾಂಡೆಲ್ ಅವರ ಹೆಸರಾಂತ ವಿಡಿಯೊ ಕೋರ್ಸನ್ನು ತಮ್ಮಲ್ಲಿ ಬಳಸಲು ಅಲ್ಲಿನ ತತ್ತ್ವಶಾಸ್ತ್ರ ವಿಭಾಗದವರು 2013ರಲ್ಲಿ ಒಪ್ಪಲಿಲ್ಲ. ಸ್ಯಾಂಡೆಲ್ ಅವರಿಗೇ ಬಹಿರಂಗ ಪತ್ರ ಬರೆದರು. ಉಳ್ಳವರ ಮಕ್ಕಳಿಗೆ ಎದುರಿಗೆ ನಿಂತ ಮೇಷ್ಟ್ರು, ಉಳಿದವರಿಗೆ ಮೇಷ್ಟ್ರ ವಿಡಿಯೊ, ಹೀಗೆ ಎರಡು ಬಗೆಯ ವಿಶ್ವವಿದ್ಯಾಲಯ ಹುಟ್ಟುತ್ತದೆ ಎನ್ನುವುದು ಅವರ ವಾದ. ಆ ಆತಂಕದಲ್ಲಿ ನ್ಯಾಯವಿದೆ ಎಂದು ಸ್ಯಾಂಡೆಲ್ ಕೂಡ ಒಪ್ಪಿಕೊಂಡರು.

ಅದೇ ವರ್ಷ ಅದೇ ವಿಶ್ವವಿದ್ಯಾಲಯ ಯುಡಾಸಿಟಿ ಎಂಬ ಕಂಪನಿಯ ಜೊತೆ ಸೇರಿ ಆನ್‌ಲೈನ್ ಗಣಿತ ಶುರುಮಾಡಿತು. ಮೊದಲ ಬ್ಯಾಚಿನಲ್ಲಿ ಬೀಜಗಣಿತ ಪಾಸಾದವರು ನಾಲ್ವರಲ್ಲಿ ಒಬ್ಬರಷ್ಟೇ. ಬೇಸಿಗೆಯ ಬ್ಯಾಚಿನಲ್ಲಿ ಫಲಿತಾಂಶ ಏರಿತು. ಆದರೆ ಆ ಬ್ಯಾಚಿಗೆ ಸೇರಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ಡಿಗ್ರಿ ಮುಗಿಸಿದವರು! ಓದುವ ರೂಢಿ ಇದ್ದವರಿಗೆ ವಿಡಿಯೊ ಒದಗುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಪಕ್ಕದಲ್ಲಿ ಒಬ್ಬರು ಬೇಕು.

ಹಾಗಂತ ಯುಜಿಸಿ ನಿಯಮ ಪೂರ್ತಿ ಕೆಟ್ಟದ್ದೇನಲ್ಲ. ಅದರಲ್ಲೇ ಇನ್ನೆರಡು ಮಾತಿವೆ, ಇವನ್ನು ಯಾರೂ ನಮಗೆ ಹೇಳುವುದಿಲ್ಲ. ಒಂದು, ಸ್ವಯಂ ಕೋರ್ಸ್ ಮಾಡುವ ವಿದ್ಯಾರ್ಥಿಗೆ ಕಂಪ್ಯೂಟರ್, ಲ್ಯಾಬ್, ಗ್ರಂಥಾಲಯವನ್ನು ಸಂಸ್ಥೆ ಉಚಿತವಾಗಿ, ಸಾಕಷ್ಟು ಒದಗಿಸಬೇಕು. ಇನ್ನೊಂದು, ಕೋರ್ಸು ಮುಗಿಯುವವರೆಗೆ ವಿದ್ಯಾರ್ಥಿಗೆ ದಾರಿ ತೋರಿಸಲು ಒಬ್ಬ ಸಂಯೋಜಕರನ್ನು ನೇಮಿಸಬೇಕು. ಪಕ್ಕದಲ್ಲಿ ಬೇಕು ಅಂದೆನಲ್ಲ, ಅವರೇ ಇವರು. ವಾರಕ್ಕೆ ಎರಡು ತಾಸು ಮಕ್ಕಳನ್ನು ಕೂರಿಸಿಕೊಂಡು, ಇಂಗ್ಲಿಷಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಒಬ್ಬರಿದ್ದರೆ ನಮ್ಮ ಓಣಿಯ ಹುಡುಗಿ ಐದನೇ ವಾರಕ್ಕೆ ಬಿಡುತ್ತಿರಲಿಲ್ಲ ಅನ್ನಿಸುತ್ತದೆ. ಆ ಕೆಲಸಕ್ಕೂ ಸಂಬಳ ಕೊಡಬೇಕು ಮತ್ತೆ, ಇದ್ದವರ ತಲೆಗೇ ಇದನ್ನೂ ಕಟ್ಟಿದರೆ ಆಗದು.

ನಿಮ್ಮ ಮಗನೋ ಮಗಳೋ "ಒಂದು ಸಬ್ಜೆಕ್ಟ್ ಆನ್‌ಲೈನ್ ಅಂತಪ್ಪ" ಎಂದು ಬಂದು ಹೇಳಿದರೆ ಸುಮ್ಮನೆ ರೀಚಾರ್ಜ್ ಮಾಡಿಸಿ ಕೂರಬೇಡಿ. ಕಾಲೇಜಿಗೆ ಹೋಗಿ ಮೂರು ಪ್ರಶ್ನೆ ಕೇಳಿ: ಈ ಕೋರ್ಸಿಗೆ ಸಂಯೋಜಕರು ಯಾರು? ಕಂಪ್ಯೂಟರ್ ಕೋಣೆ ಎಷ್ಟು ಹೊತ್ತು ತೆಗೆದಿರುತ್ತದೆ? ಆ ವಿಷಯದ ಖಾಲಿ ಹುದ್ದೆಗೆ ಕೋರಿಕೆ ಕಳಿಸಿದ್ದೀರಾ?

ಮೊದಲ ಪ್ರಶ್ನೆಯನ್ನು ನಾನು ಹೋದ ವಾರ ಆ ಹುಡುಗಿಯ ಕಾಲೇಜಿನಲ್ಲಿ ಕೇಳಿದೆ. ಆಫೀಸಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ "ಫೈಲ್ ನೋಡಿ ಹೇಳ್ತೀವ್ರಿ, ಸೋಮವಾರ ಬರ್ರಿ" ಅಂದರು. ಸೋಮವಾರ ಅವಳನ್ನೂ ಅವರಪ್ಪನನ್ನೂ ಕರೆದುಕೊಂಡು ಹೋಗುವವನಿದ್ದೇನೆ.