ಮೂರು ಅಡಿಯ ಅಪರಾಧ

ಮಾದನಾಯಕನಹಳ್ಳಿಯ ನಮ್ಮ ಮನೆಗೆ ಈಗ ಮೂರು ಅಂತಸ್ತು, ಅದರ ಮೇಲೊಂದು ಶೀಟಿನ ರೂಮು. ನಾನು ಹೈಸ್ಕೂಲಿಗೆ ಹೋಗುವಾಗ ಅದು ಒಂದೇ ಅಂತಸ್ತಿನ ಮನೆ. ಅಪ್ಪ ಮೊದಲೇ ಲೆಕ್ಕ ಹಾಕಿ ಪಿಲ್ಲರಿನ ಕಂಬಿಗಳನ್ನು ತಾರಸಿಯ ಮೇಲಕ್ಕೆ ಬಿಟ್ಟಿದ್ದರು. ಪೀಣ್ಯದ ಕಾರ್ಖಾನೆಗಳಿಗೆ ಹೋಗುವ ಹುಡುಗರು ಬಾಡಿಗೆ ಮನೆ ಕೇಳಿಕೊಂಡು ಬಂದಂತೆಲ್ಲ ನಮ್ಮ ಮನೆ ಎತ್ತರವಾಯಿತು. ಅಕ್ಕಪಕ್ಕದವರದೂ ಹಾಗೆಯೇ. ನಮ್ಮ ಬೀದಿಯಲ್ಲಿ ಮೇಸ್ತ್ರಿ ಹೇಳಿದ್ದೇ ನಕ್ಷೆ. ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ ಕೈಗೆ ಸಿಗುತ್ತದೆ. ನನ್ನ ಪಿಎಚ್‌ಡಿ ನಡೆಯುತ್ತಿರುವುದು ಆ ಬಾಡಿಗೆಯಲ್ಲಿ ಮತ್ತು ಬಂದಾಗ ಬರುವ ಫೆಲೋಶಿಪ್ಪಿನಲ್ಲಿ. ಆದ್ದರಿಂದ ಇದನ್ನು ಹೀಗಳೆಯುವ ಹಕ್ಕು ನನಗೆ ಪೂರ್ತಿ ಇಲ್ಲ.

ನನ್ನ ಸೋದರತ್ತೆಯ ಮನೆ ಶ್ರೀರಂಗಪಟ್ಟಣದ ಕೋಟೆಯೊಳಗಿದೆ. ಮಣ್ಣಿನ ಗೋಡೆ, ಹೆಂಚಿನ ಸೂರು, ಅಡುಗೆಮನೆಯ ಮೇಲೊಂದು ಅಟ್ಟ. ಒಡೆದ ತೊಟ್ಟಿಲು, ಹಿತ್ತಾಳೆ ಕೊಳಗ, ಮೂರು ತಲೆಮಾರಿನ ಹರಕು ಚಾಪೆಗಳು ಅಲ್ಲಿವೆ. ಅವರ ಮಗನಿಗೆ ಮದುವೆ ಗೊತ್ತಾಗಿದೆ. ಇರುವುದು ಒಂದು ಕೋಣೆ, ಒಂದು ಪಡಸಾಲೆ. ಗೋಡೆಯನ್ನು ಮೂರು ಅಡಿ ಎತ್ತರಿಸಿ, ಅದೇ ಹೆಂಚನ್ನು ಮತ್ತೆ ಹೊದಿಸಿ, ಅಟ್ಟಕ್ಕೆ ಒಂದು ಮರದ ಮೆಟ್ಟಿಲು, ಎರಡು ಕಿಟಕಿ ಮಾಡಿಸಿದರೆ ಹೊಸ ಜೋಡಿಗೆ ಒಂದು ಕೋಣೆಯಾಗುತ್ತದೆ ಎಂಬುದು ಅವರ ಯೋಜನೆ. ಮೋಲ್ಡ್ ಹಾಕಿಸಿಬಿಡೋಣ ಎಂದ ಮಗನಿಗೆ ಅತ್ತೆಯೇ ಬೇಡವೆಂದರಂತೆ. "ಬ್ಯಾಸ್ಗೇಲಿ ಬೆಂದೋಯ್ತೀವಿ, ಹೆಂಚೇ ಇರ್ಲಿ" ಎಂದು.

ನಕ್ಷೆ ಬರೆಯುವವರು ಬಂದು ಅಳತೆ ತೆಗೆದುಕೊಂಡರು. ಆಮೇಲೆ ಮನೆಯಿಂದ ಹತ್ತಿರದ ಸಂರಕ್ಷಿತ ಸ್ಮಾರಕದ ಗಡಿಯವರೆಗೂ ಅಳೆದರು. ನೂರು ಮೀಟರಿನೊಳಗೇ ಇತ್ತು. ಟೇಪು ಸುತ್ತಿಕೊಂಡು, ಇದು ಆಗುವುದಿಲ್ಲ ಎಂದರು. ಅತ್ತೆ ನನಗೆ ಫೋನ್ ಮಾಡಿ, "ನೀನು ಓದಿರೋಳು, ಅದೇನು ಕಾನೂನು ನೋಡವ್ವ" ಎಂದರು. ನನ್ನ ಸಂಶೋಧನೆಯ ವಿಷಯ ಬೇರೆ. ಆದರೂ ಒಂದು ವಾರ ಕೂತು ನೋಡಿದೆ. ನೋಡಿದ ಮೇಲೆ ಸುಮ್ಮನಿರುವುದು ಕಷ್ಟವಾಯಿತು.

ಕಾನೂನಿನ ಹೆಸರು ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ವ ಸ್ಥಳಗಳು ಹಾಗೂ ಅವಶೇಷಗಳ ಕಾಯ್ದೆ, 1958. 1992ರ ಜೂನ್ 16ರ ಅಧಿಸೂಚನೆ ಸಂರಕ್ಷಿತ ಜಾಗದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು ಗೆರೆ ಎಳೆಯಿತು. 2010ರ ತಿದ್ದುಪಡಿ ಅದನ್ನು ಕಾಯ್ದೆಯೊಳಗೇ ತಂದು ಬಿಗಿ ಮಾಡಿತು, ದಿಲ್ಲಿಯಲ್ಲಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರವನ್ನು ಕೂರಿಸಿತು. ಈ ತಿದ್ದುಪಡಿಯಲ್ಲಿ 'ನಿರ್ಮಾಣ' ಎಂಬ ಪದಕ್ಕೆ ಕೊಟ್ಟಿರುವ ಅರ್ಥವನ್ನು ಸಾಹಿತ್ಯದ ವಿದ್ಯಾರ್ಥಿಗಳು ಒಮ್ಮೆ ಓದಬೇಕು. ಇರುವ ಕಟ್ಟಡಕ್ಕೆ ಅಡ್ಡಕ್ಕಾಗಲಿ ಮೇಲಕ್ಕಾಗಲಿ ಏನನ್ನು ಸೇರಿಸಿದರೂ ಅದು ನಿರ್ಮಾಣ. ನಿಷೇಧಿತ ಪ್ರದೇಶದಲ್ಲಿ ನಿರ್ಮಾಣಕ್ಕೆ ಅರ್ಜಿ ಹಾಕುವ ದಾರಿಯೇ ಇಲ್ಲ. ಮೀರಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಅಂದರೆ ಅತ್ತೆ ಅಟ್ಟವನ್ನು ಇದ್ದ ಎತ್ತರದಲ್ಲೇ ಇಟ್ಟು ಒಳಗೆ ಹಲಗೆ ಬದಲಾಯಿಸಿದರೆ ಅದು ದುರಸ್ತಿ, ಅನುಮತಿ ಕೇಳಬಹುದು. ಮೂರು ಅಡಿ ಎತ್ತರಿಸಿದರೆ ಅಪರಾಧ. ಇದ್ದ ಎತ್ತರದಲ್ಲಿ ಆ ಅಟ್ಟದೊಳಗೆ ಮನುಷ್ಯರು ನಿಲ್ಲುವುದಕ್ಕಾಗುವುದಿಲ್ಲ, ತೆವಳಬೇಕು.

ಇದಕ್ಕಿಂತ ಕಠಿಣವಾದದ್ದು ಇನ್ನೊಂದಿದೆ. ಕಾಯ್ದೆ ದುರಸ್ತಿ ಬೇರೆ, ಪುನರ್‌ನಿರ್ಮಾಣ ಬೇರೆ ಎನ್ನುತ್ತದೆ. ಇದ್ದ ಮನೆಯನ್ನು ಅದೇ ಉದ್ದ, ಅಗಲ, ಎತ್ತರಕ್ಕೆ ಮತ್ತೆ ಕಟ್ಟುವುದು ಪುನರ್‌ನಿರ್ಮಾಣ. ನೂರು ಮೀಟರಿನೊಳಗೆ ಅರ್ಜಿಗೆ ಅವಕಾಶವಿರುವುದು ದುರಸ್ತಿಗೆ, ನವೀಕರಣಕ್ಕೆ ಮಾತ್ರ, ಅದೂ 1992ರ ಆ ದಿನಕ್ಕಿಂತ ಮೊದಲೇ ಇದ್ದ ಅಥವಾ ಆಮೇಲೆ ಒಪ್ಪಿಗೆ ಪಡೆದು ಕಟ್ಟಿದ ಕಟ್ಟಡಕ್ಕೆ. ಮಣ್ಣಿನ ಗೋಡೆಯ ಮನೆ ಎಂದರೆ ಏನೆಂದು ಅದರಲ್ಲಿ ಬದುಕಿದವರಿಗೆ ಗೊತ್ತು. ಎರಡು ವರ್ಷ ಹೆಂಚು ಕೈಯಾಡಿಸದಿದ್ದರೆ ನೀರು ಗೋಡೆಗೆ ಇಳಿಯುತ್ತದೆ, ಮೂರನೆಯ ಮಳೆಗಾಲಕ್ಕೆ ಗೋಡೆ ಕೂತುಬಿಡುತ್ತದೆ. ಕೂತ ಮೇಲೆ ಅದನ್ನು ಇದ್ದ ಹಾಗೆಯೇ ಎಬ್ಬಿಸಿ ಕಟ್ಟುವುದಕ್ಕೂ ಇಲ್ಲಿ ದಾರಿಯಿಲ್ಲ. ಹಳೆಯ ಮನೆಗಳನ್ನು ಉಳಿಸಬೇಕಾದ ಕಾನೂನು ಹಳೆಯ ಮನೆ ಬೀಳುವುದನ್ನೇ ಕಾಯುವಂತಿದೆ. ಪಕ್ಕದಲ್ಲಿ ಯಾವತ್ತೋ ಎದ್ದ ಸಿಮೆಂಟಿನ ಕಟ್ಟಡಕ್ಕೆ ಈ ಭಯವಿಲ್ಲ, ಅದು ಅಷ್ಟು ಸುಲಭಕ್ಕೆ ಬೀಳುವುದಿಲ್ಲ.

ಈ ನೂರು ಮೀಟರಿನ ಲೆಕ್ಕವನ್ನೇ ನೋಡಿ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳು ದೇಶದಲ್ಲಿ 3,600ಕ್ಕೂ ಹೆಚ್ಚು, ಕರ್ನಾಟಕದಲ್ಲಿಯೇ 500ಕ್ಕೂ ಹೆಚ್ಚು. ಎಲ್ಲಕ್ಕೂ ಒಂದೇ ಅಳತೆ. ಶ್ರೀರಂಗಪಟ್ಟಣದಲ್ಲಿ ರಂಗನಾಥಸ್ವಾಮಿ ದೇವಸ್ಥಾನಕ್ಕೂ ನೂರು ಮೀಟರ್, 1799ರ ಮೇ 4ರಂದು ಟಿಪ್ಪುವಿನ ದೇಹ ಸಿಕ್ಕ ಜಾಗವೆಂದು ಕಲ್ಲು ನೆಟ್ಟಿರುವ ಸಣ್ಣ ಆವರಣಕ್ಕೂ ನೂರು ಮೀಟರ್. ಒಂದು ಬಿಂದುವಿನ ಸುತ್ತ ನೂರು ಮೀಟರ್ ವೃತ್ತ ಎಳೆದರೆ ಸುಮಾರು ಏಳೂಮುಕ್ಕಾಲು ಎಕರೆ. ಮುನ್ನೂರು ಮೀಟರಿಗೆ ಎಳೆದರೆ ಎಪ್ಪತ್ತು ಎಕರೆ. ಒಂದು ಕಲ್ಲಿಗೆ ಎಪ್ಪತ್ತು ಎಕರೆ! ಕೋಟೆಯೊಳಗೆ ಇಂಥ ಹಲವು ವೃತ್ತಗಳು ಒಂದರ ಮೇಲೊಂದು ಬೀಳುತ್ತವೆ. ಆ ಜಾಗದಿಂದ ಅತ್ತೆಯ ಅಟ್ಟ ಕಾಣುತ್ತದೆಯೇ, ಅದು ಯಾವ ನೋಟವನ್ನು ಕೆಡಿಸುತ್ತದೆ, ಎಂಬ ಪ್ರಶ್ನೆ ಕೇಳುವುದಕ್ಕೆ ಈ ಕಾನೂನಿಗೆ ಕಣ್ಣಿಲ್ಲ. ಅದಕ್ಕಿರುವುದು ಟೇಪು ಮಾತ್ರ. 2023ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯೇ ಈ ಒಂದೇ ಅಳತೆಯಿಂದ ಜನರಿಗೆ ಆಗುತ್ತಿರುವ ತೊಂದರೆಯ ಬಗ್ಗೆ ಬರೆದಿದೆ.

ಈ ಟೇಪು ಎಲ್ಲರಿಗೂ ಒಂದೇ ಎಂದಾದರೆ ಒಪ್ಪಿಕೊಂಡೇನು. ಸಾರ್ವಜನಿಕ ಕಾಮಗಾರಿಗೂ ನೂರು ಮೀಟರಿನೊಳಗೆ ಅವಕಾಶವಿಲ್ಲ ಎಂದು 2010ರ ತಿದ್ದುಪಡಿ ಹೇಳಿತ್ತು. ಎಂಟೇ ವರ್ಷದಲ್ಲಿ, 2018ರ ಜನವರಿಯಲ್ಲಿ, ಕೇಂದ್ರ ಸರ್ಕಾರದ ಕಾಮಗಾರಿಗಳಿಗೆ ಬಾಗಿಲು ತೆರೆಯುವ ಮಸೂದೆಯನ್ನು ಲೋಕಸಭೆ ಪಾಸು ಮಾಡಿತು. ರಾಜ್ಯಸಭೆಯಲ್ಲಿ ಅದು ಮುಂದೆ ಹೋಗಲಿಲ್ಲ, ಆ ಮಾತು ಬೇರೆ. ಅಡಚಣೆ ಎಂದು ತೋರಿದಾಗ ಸರ್ಕಾರಕ್ಕೆ ನೆನಪಾದದ್ದು ತನ್ನ ಕಾಮಗಾರಿ. ನೂರು ಮೀಟರಿನೊಳಗೆ ಮಕ್ಕಳು ಮರಿ ಕಟ್ಟಿಕೊಂಡು ಬದುಕುತ್ತಿರುವವರು ನೆನಪಾಗಲಿಲ್ಲ. ಇದೇ ಶ್ರೀರಂಗಪಟ್ಟಣದಲ್ಲಿ 2017ರಲ್ಲಿ, ಬೆಂಗಳೂರು–ಮೈಸೂರು ರೈಲು ಹಳಿಯನ್ನು ಜೋಡಿ ಮಾಡುವಾಗ ಅಡ್ಡ ಬಂದ ಟಿಪ್ಪು ಕಾಲದ ಶಸ್ತ್ರಾಗಾರವನ್ನು ಇಡಿಯಾಗಿ ಎತ್ತಿ ಬೇರೆ ಕಡೆ ಕೂರಿಸಿದರು. ಅದನ್ನು ತಪ್ಪೆನ್ನುತ್ತಿಲ್ಲ, ನಿಜಕ್ಕೂ ಬೆರಗಿನ ಕೆಲಸ. ಒಡೆಯದೆ ಉಳಿಸಿದರಲ್ಲ ಎಂದು ನಾನೂ ಸಂತೋಷಪಟ್ಟವಳೇ. ರೈಲಿಗಾಗಿ ಒಂದು ಇಡೀ ಕಟ್ಟಡವನ್ನೇ ಸರಿಸುವಷ್ಟು ಬುದ್ಧಿ, ಹಣ, ತಾಳ್ಮೆ ನಮ್ಮಲ್ಲಿದೆ. ಒಂದು ಅಟ್ಟದ ನಕ್ಷೆಯನ್ನು ಬಿಚ್ಚಿ ನೋಡುವಷ್ಟು ಮಾತ್ರ ಇಲ್ಲ.

ಇನ್ನು ಆ ಸ್ಮಾರಕಗಳಾದರೂ ಹೇಗೆ ಆದವು? ರಂಗನಾಥನ ಗುಡಿ ಗಂಗರ ಕಾಲದ್ದೆಂದು ಹೇಳುತ್ತಾರೆ. ಹೊಯ್ಸಳರು ಸೇರಿಸಿದರು, ವಿಜಯನಗರದವರು ಸೇರಿಸಿದರು. ಕೋಟೆಯನ್ನು ಬಂದವರೆಲ್ಲ ಎತ್ತರಿಸಿದರು, ದಪ್ಪ ಮಾಡಿದರು. ಟಿಪ್ಪುವಿನ ಅರಮನೆಯನ್ನು ಇಂಗ್ಲಿಷರು ಕೆಡವಿದರು. ಅದರ ತೊಲೆಗಳು ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಸೂರು ಹೊತ್ತುಕೊಂಡು ಇವತ್ತಿಗೂ ನಿಂತಿವೆ. ಅಡ್ಡಕ್ಕೂ ಮೇಲಕ್ಕೂ ಸೇರಿಸುತ್ತಾ ಬಂದದ್ದನ್ನೇ ನಾವು ಪರಂಪರೆ ಎಂದು ಕರೆದು ಟಿಕೆಟ್ ಇಟ್ಟಿರುವುದು.

ಜನರನ್ನು ತೆಗೆದರೆ ಸ್ಮಾರಕ ಉಳಿಯುತ್ತದೆ ಎಂಬ ನಂಬಿಕೆಯ ಕೊನೆ ಎಲ್ಲಿಗೆ ಎಂಬುದನ್ನು ಹಂಪಿಯಲ್ಲಿ ನೋಡಿದ್ದೇವೆ. ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಕಂಬಕ್ಕೆ ಕಂಬದ ನಡುವೆ ಗೋಡೆ ಹಾಕಿಕೊಂಡು ಎಷ್ಟೋ ಸಂಸಾರಗಳು ಬದುಕಿದ್ದವು, ಅಂಗಡಿ ಇಟ್ಟುಕೊಂಡಿದ್ದವು. 2011ರ ಜುಲೈ ಕೊನೆಯಲ್ಲಿ ಅವನ್ನು ತೆರವು ಮಾಡಿದರು. ಇದು ಅತ್ತೆಯ ಮನೆಯಂಥದ್ದೇ ಪ್ರಕರಣವಲ್ಲ ಎಂದು ಒಪ್ಪುತ್ತೇನೆ. ಅಲ್ಲಿ ಸ್ಮಾರಕದೊಳಗೇ ಮನೆಯಿತ್ತು, ಕಲ್ಲಿಗೆ ಮೊಳೆ ಹೊಡೆದಿದ್ದರು, ಮಂಟಪಕ್ಕೆ ಸುಣ್ಣ ಬಳಿದಿದ್ದರು. ಆದರೆ ನಾನು ಅಲ್ಲಿಗೆ ಹೋದಾಗ ಕಂಡದ್ದು ನುಣ್ಣಗೆ ಗುಡಿಸಿಟ್ಟ ಉದ್ದನೆಯ ಬಯಲು. ಹೂ ಮಾರುವವರಿಲ್ಲದ, ಟೀ ಕಾಸುವವರಿಲ್ಲದ ಅದಕ್ಕೆ ಬಜಾರು ಎಂದು ಬೋರ್ಡು ಮಾತ್ರ ಇದೆ.

ಇಲ್ಲಿಗೆ ಬಂದಾಗ ಗೆಳೆಯರು ಒಂದು ಮಾತು ಹೇಳುತ್ತಾರೆ: ನಿಷೇಧ ತೆಗೆದರೆ ಶ್ರೀರಂಗಪಟ್ಟಣವೂ ನಿಮ್ಮ ಮಾದನಾಯಕನಹಳ್ಳಿಯಾಗುತ್ತದೆ. ಈ ಮಾತಿಗೆ ನಾನು ಹೆದರುತ್ತೇನೆ, ಏಕೆಂದರೆ ಅದು ಅರ್ಧ ನಿಜ. ನಮ್ಮೂರಲ್ಲಿ ನಿಯಮ ಎಂಬುದು ಯಾರ ಮನೆಯ ಬಾಗಿಲನ್ನೂ ತಟ್ಟಲಿಲ್ಲ. ತುಮಕೂರು ರಸ್ತೆಯಿಂದ ಒಳಗೆ ತಿರುಗಿದರೆ ಹಳೆಯ ಹೆಂಚಿನ ಮನೆ ಹುಡುಕಬೇಕು. ಮಾದಾವರದವರೆಗೆ ಮೆಟ್ರೋ ಬಂದ ಮೇಲೆ ಉಳಿದ ನಾಲ್ಕಾರೂ ಹೋಗುತ್ತವೆ. ನನಗೆ ಆ ಊರು ಬೇಕಾಗಿಲ್ಲ. ಆದರೆ ಏನು ಬೇಕಾದರೂ ಕಟ್ಟು ಎನ್ನುವುದು, ಏನನ್ನೂ ಕಟ್ಟಬೇಡ ಎನ್ನುವುದು, ಇವೆರಡೇ ನಮಗೆ ಗೊತ್ತಿರುವ ನೀತಿಗಳೇ? ಎರಡರಲ್ಲೂ ಒಂದು ಕೆಲಸ ತಪ್ಪುತ್ತದೆ. ಆ ಮನೆಗೆ ಹೋಗಿ, ನಕ್ಷೆ ಹರಡಿ, ಇದು ಆಗುತ್ತದೆ, ಇದು ಆಗುವುದಿಲ್ಲ, ಹೀಗೆ ಮಾಡಿದರೆ ಆಗುತ್ತದೆ ಎಂದು ಹೇಳುವ ಕೆಲಸ. ಅದಕ್ಕೆ ಜನ ಬೇಕು, ಓದು ಬೇಕು, ಹೊಣೆ ಬೇಕು. ನಿಷೇಧಕ್ಕೆ ಇದು ಯಾವುದೂ ಬೇಡ.

ಇಂಗ್ಲೆಂಡಿನಲ್ಲಿ 1967ರಿಂದ ಸಂರಕ್ಷಿತ ಪ್ರದೇಶಗಳೆಂಬ ವ್ಯವಸ್ಥೆ ಇದೆ, ಈಗ ಸುಮಾರು ಹತ್ತು ಸಾವಿರ ಇವೆ. ಅಲ್ಲಿ ಅಟ್ಟವನ್ನು ಕೋಣೆ ಮಾಡಲು ಸೂರನ್ನು ಎತ್ತರಿಸಬೇಕೆಂದರೆ ಅರ್ಜಿ ಹಾಕಲೇಬೇಕು, ಹಲವು ಅರ್ಜಿಗಳು ತಿರಸ್ಕಾರವಾಗುತ್ತವೆ, ಜನ ಅಲ್ಲಿಯೂ ಗೊಣಗುತ್ತಾರೆ. ಆದರೆ ಚರ್ಚೆಯಾಗುವುದು ಕಿಟಕಿ ಬೀದಿಗೆ ಕಾಣುತ್ತದೆಯೇ, ಹೆಂಚು ಯಾವುದು, ಇಳಿಜಾರು ಎಷ್ಟು ಎಂಬುದರ ಮೇಲೆ, ಅದೂ ಸ್ಥಳೀಯ ಕೌನ್ಸಿಲಿನಲ್ಲಿ. ವಿಲಾಯಿತಿಯದೆಲ್ಲ ಚೆನ್ನ ಎಂಬ ಹಳೆಯ ಚಾಳಿ ಇದಲ್ಲ. ನಮ್ಮ ಕಾಯ್ದೆಯಲ್ಲಿಯೇ ಈ ಬುದ್ಧಿ ಅರ್ಧ ಇದೆ. ಪ್ರತಿಯೊಂದು ಸ್ಮಾರಕಕ್ಕೂ ಪ್ರತ್ಯೇಕವಾಗಿ ಪಾರಂಪರಿಕ ಉಪವಿಧಿಗಳನ್ನು ಮಾಡಬೇಕು, ಸುತ್ತಲಿನ ಕಟ್ಟಡಗಳ ಎತ್ತರ, ಮುಖ, ರೂಪ ಹೇಗಿರಬೇಕೆಂದು ಬರೆಯಬೇಕು ಎಂದು 2010ರ ತಿದ್ದುಪಡಿಯೇ ಹೇಳಿದೆ. ಇಷ್ಟು ವರ್ಷ ಕಳೆದರೂ ಬಹುಪಾಲು ಸ್ಮಾರಕಗಳಿಗೆ ಅದು ಬಂದಿಲ್ಲ. ಬಂದರೂ ನೂರು ಮೀಟರಿನ ನಿಷೇಧ ಹಾಗೆಯೇ ಇರುತ್ತದೆ. ಹಾಗಾಗಿ ಉಪವಿಧಿ ಬರಲಿ ಎಂದಷ್ಟೇ ಕೇಳಿದರೆ ಸಾಲದು, ನೂರು ಮೀಟರಿನೊಳಗೆ ಜನ ವಾಸವಿರುವ ಮನೆಗಳಿಗೆ ಆ ಉಪವಿಧಿಯೇ ಅನ್ವಯಿಸಲಿ ಎಂದು ಕೇಳಬೇಕು. ಬಿದ್ದ ಮನೆಯನ್ನು ಇದ್ದ ಅಳತೆಗೆ ಕಟ್ಟುವ ಹಕ್ಕು ಮೊದಲು ಸಿಗಲಿ. ಹೆಂಚು, ಮಣ್ಣು, ಗಾರೆಯಲ್ಲಿ ಕಟ್ಟುವವರಿಗೆ ಸರ್ಕಾರ ಖರ್ಚಿನಲ್ಲಿ ಪಾಲು ಕೊಡಲಿ. ಇವತ್ತು ಹೆಂಚಿನ ಸೂರು ಮಾಡಿಸುವುದಕ್ಕೆ ಕೆಲಸ ಗೊತ್ತಿರುವ ಬಡಗಿ ಸಿಗುವುದೇ ಕಷ್ಟ, ಸಿಕ್ಕರೆ ಮೋಲ್ಡಿಗಿಂತ ದುಬಾರಿ.

ನಮ್ಮ ಓದುಗ ಬಳಗದ ಬಗ್ಗೆಯೂ ಒಂದು ಮಾತು. ತೊಟ್ಟಿಮನೆ, ಅಟ್ಟ, ಜಗಲಿ ಎಂದರೆ ನಮಗೆ ಕಣ್ಣು ತುಂಬುತ್ತದೆ. ಕಳೆದ ವರ್ಷ ಒಂದು ವಿಚಾರ ಸಂಕಿರಣದಲ್ಲಿ ಕನ್ನಡ ಕಥೆಗಳ ಹಳೆಯ ಮನೆಗಳ ಬಗ್ಗೆ ಇಡೀ ಮಧ್ಯಾಹ್ನ ಮಾತಾಡಿದೆವು, ನಾನೂ ಪ್ರಬಂಧ ಓದಿದೆ. ಆ ಮನೆಗಳಲ್ಲಿ ಈಗ ಇರುವವರಿಗೆ ಒಂದು ಕೋಣೆ ಹೆಚ್ಚು ಬೇಕಾಗಬಹುದು ಎಂದು ನಮ್ಮಲ್ಲಿ ಒಬ್ಬರೂ ಹೇಳಲಿಲ್ಲ. ಅಲ್ಲಿದ್ದ ನಾವೆಲ್ಲ ಸಂಜೆ ಹಿಂತಿರುಗಿದ್ದು ಲಿಫ್ಟ್ ಇರುವ ಕಟ್ಟಡಗಳಿಗೆ, ಇಲ್ಲವೇ ನನ್ನ ಹಾಗೆ ಮೂರನೆಯ ಅಂತಸ್ತಿಗೆ.

ಅತ್ತೆಯ ಮಗ ಮೈಸೂರಿನಲ್ಲಿ ಬಾಡಿಗೆ ಮನೆ ನೋಡುತ್ತಿದ್ದಾನೆ. ಸೊಸೆ ಬಂದ ಮೇಲೆ ಇಲ್ಲಿ ಇಕ್ಕಟ್ಟು ಎಂದು ಅವನಿಗೂ ಗೊತ್ತು. ಅತ್ತೆ ಒಬ್ಬರೇ ಆಗುತ್ತಾರೆ. ಮೊನ್ನೆ ಕಾನೂನನ್ನೆಲ್ಲ ಬಿಡಿಸಿ ಹೇಳಿದಾಗ ಅವರು ಪೂರ್ತಿ ಕೇಳಿಸಿಕೊಂಡು, "ಆಯ್ತು, ಮ್ಯಾಕ್ಕೆ ಏರ್ಸೋದು ಬ್ಯಾಡ. ಮಳೆ ಹಿಡ್ಕೊಳೋಕೆ ಮುಂಚೆ ಎರಡು ಜಂತೆ ಬದಲಾಯ್ಸಿ ಹೆಂಚು ಕೈಯಾಡಿಸ್ಬೇಕು. ಅದ್ಕೂ ಕೇಳ್ಬೇಕಾ?" ಎಂದರು.

ಕೇಳಬೇಕು ಎಂದೆ.