ಕಿವಿಗೂ ಪಾಠ ಬೇಕು

ಹತ್ತು ವರ್ಷ ಇಂಗ್ಲಿಷ್ ಕಲಿತು ಉತ್ತಮ ಅಂಕ ಗಳಿಸಿದ ಯುವಕ ಸಂದರ್ಶನದ ಮೊದಲ ಪ್ರಶ್ನೆಗೇ ತಬ್ಬಿಬ್ಬಾಗುತ್ತಾನೆ. ಉತ್ತರ ತಿಳಿದಿಲ್ಲವೆಂದಲ್ಲ, ಪ್ರಶ್ನೆಯೇ ಅವನ ಕಿವಿಗೆ ದಕ್ಕಿಲ್ಲ. ಅದೇ ವಾಕ್ಯವನ್ನು ಬರೆದು ಕೊಟ್ಟರೆ ಸಲೀಸಾಗಿ ಉತ್ತರಿಸಬಲ್ಲ. ಹೆತ್ತವರು ಇದನ್ನು ಧೈರ್ಯದ ಕೊರತೆಯೆಂದು ಭಾವಿಸಿ, ಸಾವಿರಾರು ರೂಪಾಯಿ ತೆತ್ತು ಸ್ಪೋಕನ್ ಇಂಗ್ಲಿಷ್ ತರಗತಿಗೆ ಸೇರಿಸುತ್ತಾರೆ. ಕೇಳಿದ್ದು ಅರ್ಥವಾಗದವನು ಏನೆಂದು ಮಾತನಾಡಿಯಾನು?

ದೋಷ ಅವನದಲ್ಲ. ನಮ್ಮ ಹೆಚ್ಚಿನ ಶಾಲೆಗಳಲ್ಲಿ ಇಂಗ್ಲಿಷ್ ಎಂಬುದು ಕಣ್ಣಿಗೂ ಕೈಗೂ ಸೇರಿದ ವಿಷಯವಾಗಿಯೇ ಉಳಿದಿದೆ. ಕನ್ನಡದಲ್ಲಿ ಬರೆದ ಅಕ್ಷರ ಹೆಚ್ಚುಕಡಿಮೆ ಉಚ್ಚಾರದಲ್ಲೂ ಉಳಿಯುತ್ತದೆ. ಇಂಗ್ಲಿಷ್ ಮಾತಿನಲ್ಲಿ ಒತ್ತು ಬೀಳದ ಭಾಗಗಳು ಕರಗಿಹೋಗುತ್ತವೆ. ನಾವು ‘ಕಂಫರ್ಟೇಬಲ್’ ಎಂದು ಓದಿದ್ದು ‘ಕಂಫ್ಟಬಲ್’ ಎಂದು ಕೇಳಿಸುತ್ತದೆ. ‘ಗೋಯಿಂಗ್ ಟು’ ಎಂಬುದು ‘ಗೊನ’ ಆಗುತ್ತದೆ. ವಿದೇಶಕ್ಕೆ ಹೊರಟವರು ಎದುರಿಸುವ ಐಇಎಲ್‌ಟಿಎಸ್ ಪರೀಕ್ಷೆಯ ಆಲಿಸುವ ವಿಭಾಗದಲ್ಲಿ ಸುಮಾರು 30 ನಿಮಿಷಗಳ ಧ್ವನಿಮುದ್ರಿಕೆ, 40 ಪ್ರಶ್ನೆಗಳು. ಒಮ್ಮೆ ಮಾತ್ರ ಕೇಳಿಸುತ್ತಾರೆ. ‘ಇನ್ನೊಮ್ಮೆ ಹೇಳಿ’ ಎನ್ನುವಂತಿಲ್ಲ.

ಇದಕ್ಕೆ ಮದ್ದು ಮನೆಯ ಮೊಬೈಲಿನಲ್ಲೇ ಇದೆ. ಬೇಕಾದಾಗ ಇಳಿಸಿಕೊಂಡು ಕೇಳಬಹುದಾದ ಧ್ವನಿ ಕಾರ್ಯಕ್ರಮಗಳಿಗೆ ಪಾಡ್‌ಕಾಸ್ಟ್ ಎಂಬ ಹೆಸರು ಬಂದದ್ದು 2004ರಲ್ಲಿ. ಬಿಬಿಸಿಯ ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಕಲಿಯುವವರಿಗಾಗಿಯೇ ರೂಪಿಸಿದ್ದು. ಇಬ್ಬರ ಸಂಭಾಷಣೆ, ಆರಂಭದಲ್ಲೊಂದು ಪ್ರಶ್ನೆ, ಕೊನೆಯಲ್ಲಿ ಅದರ ಉತ್ತರ, ನಡುವೆ ಆರು ಹೊಸ ಪದ. ಮಾತಿನ ಲಿಖಿತ ಪಾಠವೂ ಉಚಿತ. ಬ್ರಿಟಿಷ್ ಕೌನ್ಸಿಲ್ ಕೂಡಾ ಇಂಥವನ್ನು ಒದಗಿಸುತ್ತದೆ.

ಆದರೆ ಕೆಲಸ ಮಾಡುತ್ತಾ ಹಾಡಿನಂತೆ ಕೇಳಿದರೆ ಫಲ ಅಲ್ಪ. ಮೊದಲ ಸಲ ಪಾಠ ನೋಡದೆ ಕೇಳಬೇಕು. ಏನು ವಿಷಯವೆಂಬಷ್ಟು ಹಿಡಿದರೆ ಸಾಕು. ಎರಡನೆಯ ಸಲ ಒಂದೆರಡು ನಿಮಿಷದ ಭಾಗವನ್ನು ನಿಲ್ಲಿಸಿ ನಿಲ್ಲಿಸಿ, ಕೇಳಿಸಿದ್ದನ್ನು ಬರೆದುಕೊಳ್ಳಬೇಕು. ಅನಂತರವೇ ಲಿಖಿತ ಪಾಠ ತೆರೆದು ತಾಳೆ ನೋಡಬೇಕು. ತಪ್ಪಿಹೋದ ಪದಗಳಲ್ಲಿ ಹೆಚ್ಚಿನವು ನಮಗೆ ಮೊದಲೇ ಗೊತ್ತಿದ್ದವೇ ಆಗಿರುತ್ತವೆ! ಆ ಗೆರೆಗಳನ್ನು ಮತ್ತೆ ಕೇಳಿ, ಹೇಳುವವರ ಜೊತೆಗೇ ಗಟ್ಟಿಯಾಗಿ ಹೇಳಬೇಕು. ದಿನಕ್ಕೊಂದು ಹೊಸ ಕಂತಿಗಿಂತ ಒಂದೇ ಕಂತನ್ನು ಮೂರು ದಿನ ಕೇಳುವುದು ಲೇಸು.

ಇದರ ಅಗತ್ಯ ಎಲ್ಲರಿಗಿಂತ ಹೆಚ್ಚಿರುವುದು ಪಿಯುಸಿ ಮುಗಿಸಿ ಮನೆಯಲ್ಲೇ ಉಳಿದಿರುವ ನಮ್ಮ ಹೆಣ್ಣುಮಕ್ಕಳಿಗೆ. ಸಂಜೆಯ ತರಗತಿ ದೂರವೆಂದೂ ಶುಲ್ಕ ದುಬಾರಿಯೆಂದೂ ಅವರನ್ನು ತಡೆಯಲಾಗಿದೆ. ಇಲ್ಲಿ ದೂರವೂ ಇಲ್ಲ, ಶುಲ್ಕವೂ ಇಲ್ಲ. ರಾತ್ರಿಯ ಊಟದ ಬಳಿಕ ಅರ್ಧ ಗಂಟೆ ತಮ್ಮ ಮೊಬೈಲನ್ನು ಮಗಳ ಕೈಗೆ ಕೊಡಲು ಎಷ್ಟು ಮಂದಿ ತಂದೆಯಂದಿರು ಸಿದ್ಧರಿದ್ದಾರೆ?